ಕತ್ತರಿಸಿದ ಕಾಂಬೋಧಿ

ಕಣ್ಣಿನ ಆಪರೇಷನ್ ಆದ ಮೇಲೆ ನನ್ನ ಸಂಗೀತದ ಟೀಚರಿಗೆ ಟೀವಿ ನೋಡುವುದು ಕಷ್ಟವಾಗಿತ್ತು. ಹೊಸನಗರದ ಸಮುದಾಯ ಭವನದಲ್ಲಿ ಅವರು ಹಾಡಿದ ಕಛೇರಿಯ ಡಿವಿಡಿ ಬಂದಾಗ ಅದನ್ನು ಹಾಗೇ ನನ್ನ ಕೈಗಿಟ್ಟರು.

"ನೋಡೋದೇನಿದೆ ಮಾರಾಯ್ತಿ, ಕೇಳ್ಬೇಕು ಅಷ್ಟೇ. ನಿನ್ನ ಕಂಪ್ಯೂಟರಲ್ಲಿ ಹಾಡು ಮಾತ್ರ ತೆಗೆದು ನನ್ನ ಫೋನಿಗೆ ಹಾಕ್ಕೊಡು. ವಾಕಿಂಗ್ ಹೋಗುವಾಗ ಕೇಳ್ತೀನಿ."

ನಾನು ಸಾಗರದಲ್ಲಿ ಒಂದು ಸಹಕಾರ ಸಂಘದ ಗುಮಾಸ್ತೆ. ಮಗಳು ಹೈಸ್ಕೂಲು ಸೇರಿದ ಮೇಲೆ ಸಂಗೀತ ಶುರುಮಾಡಿದವಳು. ಭಾನುವಾರ ಬಂತೆಂದರೆ ತೀರ್ಥಹಳ್ಳಿಯ ಬಸ್ಸು ಹತ್ತಿ ಟೀಚರ ಮನೆಗೆ ಪಾಠಕ್ಕೆ ಹೋಗುತ್ತೇನೆ. ಹೊಸನಗರದಲ್ಲಿ ಮೊದಲ ಸಲ ಅವರ ಹಿಂದೆ ಕೂತು ಹಾಡಿದ್ದೆ. ಕಾಂಬೋಧಿ ರಾಗದಲ್ಲಿ ಸ್ವರ ಹಾಕುವಾಗ ಅವರು ಒಂದು ಸುತ್ತು ನನಗೆ ಬಿಟ್ಟರು. ನಾನು ಮೇಲಿನ ಷಡ್ಜ ಹಿಡಿದು ನಿಂತೆ, ಅವರೂ ಬಂದು ಸೇರಿಕೊಂಡರು, ಆಮೇಲೆ ನನ್ನ ಕಡೆ ತಿರುಗಿ ತಲೆದೂಗಿದರು. ಆ ತಲೆದೂಗಿದ್ದನ್ನು ಆಫೀಸಿನಲ್ಲಿ, ನೆಂಟರ ಮನೆಯಲ್ಲಿ, ಕೊನೆಗೆ ತರಕಾರಿ ಅಂಗಡಿಯಲ್ಲೂ ಹೇಳಿಕೊಂಡು ತಿರುಗಿದ್ದೆ.

ನನ್ನ ಲ್ಯಾಪ್‌ಟಾಪಿನಲ್ಲಿ ಡಿವಿಡಿ ಹಾಕುವ ಜಾಗವೇ ಇಲ್ಲ. ಗುರುತಿನ ಸ್ಟುಡಿಯೊದಿಂದ ಹೊರಗಿನಿಂದ ಸಿಕ್ಕಿಸುವ ಡ್ರೈವ್ ತಂದೆ. ಚಿತ್ರ ಬಿಟ್ಟು ಧ್ವನಿ ಮಾತ್ರ ಹೊರತೆಗೆಯುವುದು ಅಂದುಕೊಂಡಷ್ಟು ಕಷ್ಟವಿರಲಿಲ್ಲ. ಒಂದೇ ಉದ್ದ ಫೈಲು ಬಂತು. ಮೃದಂಗದ ಶ್ರುತಿ ಮಾಡಿಕೊಳ್ಳುವುದು, ಅಧ್ಯಕ್ಷರ ಭಾಷಣ, ಶಾಲು ಹೊದಿಸುವ ಗಲಾಟೆ ಎಲ್ಲ ತೆಗೆದು ಹಾಡು ಹಾಡು ಬೇರೆ ಮಾಡುತ್ತ ಹೋದೆ. ಖುಷಿಯಾಗಿಯೇ ಇತ್ತು. ಕಾಂಬೋಧಿಗೆ ಬಂದಾಗ ಹೆಡ್‌ಫೋನ್ ಸರಿಮಾಡಿಕೊಂಡು ಕೂತೆ.

ಷಡ್ಜ ನಾನು ಮುಟ್ಟಿರಲೇ ಇಲ್ಲ. ಒಂದು ಕೂದಲೆಳೆ ಕೆಳಗೆ ನಿಂತಿದ್ದೆ, ಅದೂ ಬಹಳ ಹೊತ್ತು, ಧೈರ್ಯವಾಗಿ. ಡಿವಿಡಿ ತಂದ ದಿನ ಮನೆಯ ಟೀವಿಯಲ್ಲಿ ಹಾಕಿ ನೋಡುವಾಗ ನನ್ನ ಸೀರೆ, ನನ್ನ ಮುಖ ನೋಡಿಕೊಳ್ಳುವ ಗಡಿಬಿಡಿಯಲ್ಲಿ ಇದು ಕೇಳಿಸಿರಲೇ ಇಲ್ಲ. ಈಗ ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗೆ ಕೇಳಿಸಿತು. ಟೀಚರ ದನಿ ತಂಬೂರಿಯ ಶ್ರುತಿಗೆ ಬರಲಿಲ್ಲ, ನಾನು ನಿಂತಲ್ಲಿಗೇ ಇಳಿದು ಬಂತು. ಪಿಟೀಲಿನವರು ಯಾರ ಜೊತೆ ಹೋಗುವುದೆಂದು ತಿಳಿಯದೆ ಕಮಾನು ಎತ್ತಿಬಿಟ್ಟಿದ್ದರು. ನನ್ನ ಮಾನ ಉಳಿಸಲು ಅಷ್ಟು ದೊಡ್ಡ ಹಾಡುಗಾರ್ತಿ ಶ್ರುತಿ ಬಿಟ್ಟು ಇಳಿದರಲ್ಲ ಅನ್ನಿಸಿತು. ಒಬ್ಬಳೇ ಇದ್ದರೂ ಎದ್ದು ಹೋಗಿ ಬಾಗಿಲು ಹಾಕಿದೆ.

ಆ ಸುತ್ತನ್ನು ಕತ್ತರಿಸಿದೆ. ತಾಳ ತಪ್ಪದ ಹಾಗೆ ಎರಡೂ ತುದಿ ಕೂಡಿಸಿದೆ. ಗೊತ್ತಿಲ್ಲದವರಿಗೆ ಅಲ್ಲಿ ಏನೋ ಇತ್ತೆಂದೇ ತಿಳಿಯುತ್ತಿರಲಿಲ್ಲ.

ಭಾನುವಾರ ಲ್ಯಾಪ್‌ಟಾಪನ್ನೂ ಒಯ್ದು ಟೀಚರ ಫೋನಿಗೆ ಎಲ್ಲ ತುಂಬಿದೆ. ಅವರು ಇಯರ್‌ಫೋನ್ ಬಲಗಿವಿಗೆ ಮಾತ್ರ ಹಾಕಿಕೊಂಡು, "ಮೊದಲು ಕಾಂಬೋಧಿ ಹಾಕು" ಅಂದರು. ತೊಡೆಯ ಮೇಲೆ ತಾಳ ಹಾಕುತ್ತ ಕೇಳಿದರು. ನಡುವೆ ಕೈ ನಿಂತಿತು.

"ನಿನ್ನ ಸುತ್ತು ಎಲ್ಲಿ?"

"ಡಿವಿಡಿ ಅಲ್ಲಿ ಗೀರಾಗಿತ್ತು ಟೀಚರ್. ಬರ್ಲಿಲ್ಲ."

"ಛೆ, ಅದೇ ಬೇಕಿತ್ತು ನನಗೆ." ಅವರ ಮುಖ ಬಾಡಿತು. "ಎಡಗಿವಿ ಈಚೆಗೆ ಅಷ್ಟಕ್ಕಷ್ಟೇ ಕಣೆ. ಆವತ್ತು ಅಲ್ಲಿ ನನಗೆ ತಂಬೂರಿ ಕೇಳ್ಲೇ ಇಲ್ಲ. ನಿನ್ನ ಷಡ್ಜ ಇತ್ತಲ್ಲ, ಅದನ್ನೇ ಹಿಡ್ಕೊಂಡೆ. ದಾರಿ ತೋರಿಸಿದಿ ಅಂತ ನಿನಗೆ ತಲೆ ಆಡಿಸ್ದೆ. ಸರಿ ಇತ್ತೋ ಇಲ್ವೋ ಅಂತ ಯಾರನ್ನ ಕೇಳೋದು? ಎಲ್ರೂ ಚೆನ್ನಾಗಿತ್ತು ಅಂತಾರೆ. ಕೋಣಂದೂರಿನವರು ಕಛೇರಿಗೆ ಕರ್ದಿದಾರೆ. ಇದನ್ನ ಕೇಳಿ, ಒಪ್ಕೋಬೇಕೋ ಬೇಡ್ವೋ ನೋಡೋಣ ಅಂತಿದ್ದೆ."

ನನ್ನನ್ನು ಕಾಪಾಡಲು ಇಳಿದರು ಅಂದುಕೊಂಡಿದ್ದೆ. ಅವರು ನನ್ನನ್ನು ನಂಬಿ ಇಳಿದಿದ್ದರು. ನೆಲ ನೋಡುತ್ತ, "ಗೀರಾಗಿರ್ಲಿಲ್ಲ ಟೀಚರ್. ನಾನೇ ತೆಗೆದೆ" ಅಂದೆ. ಲ್ಯಾಪ್‌ಟಾಪಿನಲ್ಲಿದ್ದ ಪೂರ್ತಿ ಫೈಲು ಹಾಕಿ ಇಯರ್‌ಫೋನ್ ಕೊಟ್ಟೆ. ಕೇಳಿದರು. ಮತ್ತೊಮ್ಮೆ ಹಾಕಿಸಿಕೊಂಡು ಕೇಳಿದರು.

"ಇಬ್ರೂ ಇಳಿದಿದೀವಿ" ಅಂದರು.

"ತಪ್ಪು ನಂದು ಟೀಚರ್."

"ಕಲಿಯೋರು ತಪ್ತಾರೆ. ನಿನ್ನನ್ನ ಮೇಲೆ ಎಳ್ಕೋಬೇಕಾದವಳು ನಾನು." ಫೋನು ತೆಗೆದು ಕೋಣಂದೂರಿಗೆ ಮಾತಾಡಿದರು. "ಈ ಸಲ ಆಗಲ್ಲ, ಬೇಜಾರ್ ಮಾಡ್ಕೋಬೇಡಿ" ಅಂದರು, ಬಹಳ ಸಲೀಸಾಗಿ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಒಳಗೆ ಹೋಗಿ ನೀರು ಕುಡಿದು ಬಂದೆ. ವಾಪಸು ಬಂದಾಗ ಅವರು ಶ್ರುತಿಪೆಟ್ಟಿಗೆಯನ್ನು ಬಲಗಡೆಗೆ ಎಳೆದುಕೊಳ್ಳುತ್ತಿದ್ದರು.

"ಕತ್ತರಿಸಿದೀ ಅಂದ್ರೆ ನಿನಗೆ ಅದು ಗೊತ್ತಾಗಿದೆ ಅಂತಾಯ್ತು. ಹಾಡುವಾಗ ಅಲ್ದಿದ್ರೂ ಕೇಳುವಾಗ ನಿನ್ನ ಕಿವಿ ಸರಿ ಇದೆ. ಇನ್ನು ಪಾಠದಲ್ಲಿ ನಾನು ಇಳಿದ್ರೆ ಬೆರಳೆತ್ತು. ಸುಳ್ಳು ಮಾತ್ರ ಹೇಳ್ಬೇಡ."

ಆಗಲಿ ಎಂದೆ. ಆಮೇಲಿನ ಎಷ್ಟೋ ಭಾನುವಾರ ಅದರ ಅಗತ್ಯ ಬೀಳಲಿಲ್ಲ. ಮೊನ್ನೆ ಬಿತ್ತು. ಕಲ್ಯಾಣಿಯ ಆಲಾಪನೆಯಲ್ಲಿ ಅವರ ದನಿ ಮೆಲ್ಲಗೆ ಜಾರಿತು. ತಾನಾಗಿ ಸರಿಹೋಗಲಿ ಎಂದು ಕಾದೆ, ಹೋಗಲಿಲ್ಲ. ಕಡೆಗೆ ತೋರುಬೆರಳು ಎತ್ತಿದೆ. ಅವರು ಹಾಡು ನಿಲ್ಲಿಸಿ, ಪೆಟ್ಟಿಗೆಯ ಮೇಲೆ ಬಗ್ಗಿ ಶ್ರುತಿ ಕೇಳಿ, ಸರಿಮಾಡಿಕೊಂಡು ಮುಂದೆ ಹೋದರು. ನಾನು ಮಾತ್ರ ಪಾಠ ಮುಗಿಯುವ ತನಕ ಅವರ ಮುಖ ನೋಡಲಿಲ್ಲ.