ಎರಡರಿಂದ ಮೂವತ್ತೊಂದಕ್ಕೆ

ಬುಧವಾರ ಮಧ್ಯಾಹ್ನ ಮೂರು ನಲವತ್ತೊಂದಕ್ಕೆ ಲಾರಿಸ್ಸಾ ಹುಸಾಕ್ ಬಸ್ಸನ್ನು ಮಾರ್ಗದ ಕೊನೆಯ ನಿಲ್ದಾಣದಲ್ಲಿ ನಿಲ್ಲಿಸಿ, ಬ್ರೇಕ್ ಹಾಕಿ, ಎಣಿಸತೊಡಗಿದಳು. ಎದುರಿನ ಶಾಲೆಯಿಂದ ಕಿತ್ತಳೆ ಬಣ್ಣದ ಮೇಲಂಗಿ ತೊಟ್ಟ ಮಕ್ಕಳು ಒಂದೇ ಹಗ್ಗ ಹಿಡಿದು, ಸಾಲಾಗಿ ರಸ್ತೆ ದಾಟಿ, ಚರ್ಚಿನ ನೆಲಮಾಳಿಗೆಗೆ ಇಳಿಯುತ್ತಿದ್ದರು. ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡು. ಅಷ್ಟೇ. ನೆಲಮಾಳಿಗೆಯ ಬಾಗಿಲಿಗೆ ಅಂಟಿಸಿದ ಪರವಾನಗಿಯಲ್ಲಿ ಇಪ್ಪತ್ನಾಲ್ಕು ಎಂದಿತ್ತು. ಅವಳೇ ಹೋಗಿ ಓದಿ ಬಂದಿದ್ದಳು.

ಸೋಮವಾರವೂ ಇಪ್ಪತ್ತೆರಡೇ ಇತ್ತು. ಹಾಗಾದರೆ ಎರಡು ಜಾಗ ಖಾಲಿ. ಯಾರಿಗಾಗಿ ಖಾಲಿ?

ತಂದೆತಾಯಿ ಕೆಲಸಕ್ಕೆ ಹೋಗುವ ಮಕ್ಕಳನ್ನು ಬೆಳಿಗ್ಗೆ ಶಾಲೆ ಶುರುವಾಗುವವರೆಗೆ, ಸಂಜೆ ಶಾಲೆ ಬಿಟ್ಟ ಮೇಲೆ ಐದೂವರೆಯವರೆಗೆ ಆ ನೆಲಮಾಳಿಗೆಯಲ್ಲಿ ನೋಡಿಕೊಳ್ಳುತ್ತಿದ್ದರು. ಲಾರಿಸ್ಸಾಳ ಮಗಳು ಡಾರ್ಸಿಗೆ ಈಗ ಆರು ವರ್ಷ. ಅವಳ ಹೆಸರು ಕಾಯುವ ಪಟ್ಟಿ ಸೇರಿದ್ದು ಮೂರೂವರೆ ವರ್ಷದವಳಿದ್ದಾಗ. ಪ್ರತಿ ತಿಂಗಳ ಒಂದನೇ ತಾರೀಖು ‘ನಮಗೆ ಜಾಗ ಇನ್ನೂ ಬೇಕು’ ಎಂದು ಇಮೇಲ್ ಕಳಿಸದಿದ್ದರೆ ಹೆಸರು ಹೊಡೆದುಹಾಕುತ್ತಾರೆ. ಲಾರಿಸ್ಸಾ ಒಂದು ತಿಂಗಳೂ ತಪ್ಪಿಸಿರಲಿಲ್ಲ. ಫೆಬ್ರವರಿಯಲ್ಲಿ ಫೋನ್ ಮಾಡಿ ಕೇಳಿದಾಗ ಡಾರ್ಸಿಯದು ಎರಡನೇ ಹೆಸರಾಗಿತ್ತು. ಮೊನ್ನೆ, ಮೇ ತಿಂಗಳಲ್ಲಿ, ಕೇಳಿದರೆ ಮೂವತ್ತೊಂದು. ನಿಧಾನಕ್ಕೆ ಸರಿಯುವ ಸಾಲುಗಳು ವಿನ್ನಿಪೆಗ್ ನಗರದಲ್ಲಿ ಬೇಕಾದಷ್ಟಿದ್ದವು. ಹಿಂದಕ್ಕೆ ನಡೆಯುವ ಸಾಲನ್ನು ಅವಳು ಕಂಡಿರಲಿಲ್ಲ.

ಬಸ್ ಡಿಪೋದಲ್ಲಿ ಹಾಗೆ ನಡೆಯುವುದು ಸಾಧ್ಯವೇ ಇರಲಿಲ್ಲ. ಅಲ್ಲಿ ಚಾಲಕರ ಹೆಸರುಗಳು ಸೇವಾ ಹಿರಿತನದ ಪ್ರಕಾರ ಗೋಡೆಯ ಮೇಲೆ ಇರುತ್ತವೆ, ಯಾರು ಬೇಕಾದರೂ ಬೆರಳಿಟ್ಟು ಓದಬಹುದು. ವರ್ಷಕ್ಕೆ ನಾಲ್ಕು ಸಲ ಒಬ್ಬೊಬ್ಬರೇ ಹೋಗಿ ತಮಗೆ ಬೇಕಾದ ಪಾಳಿ ಆರಿಸಿಕೊಳ್ಳುತ್ತಾರೆ. ಹನ್ನೊಂದು ವರ್ಷದ ಮೇಲೆ ಲಾರಿಸ್ಸಾಳ ನಂಬರು ಈ ಸಲ ಒಳ್ಳೆಯ ಪಾಳಿಗೆ ಮುಟ್ಟುವಂತಿತ್ತು. ಬೆಳಿಗ್ಗೆ ಏಳೂಕಾಲಿನಿಂದ ಸಂಜೆ ನಾಲ್ಕು, ಶನಿವಾರ ಭಾನುವಾರ ರಜೆ. ಸೆಪ್ಟೆಂಬರಿನ ಪಾಳಿ ಆರಿಸುವ ದಿನ ಬರುವ ಶುಕ್ರವಾರ. ಇಷ್ಟು ದಿನ ಡಾರ್ಸಿಯನ್ನು ನೋಡಿಕೊಳ್ಳುತ್ತಿದ್ದ ಅವಳ ತಾಯಿಗೆ ಆಗಸ್ಟಿನಲ್ಲಿ ಎರಡೂ ಮೊಣಕಾಲಿನ ಆಪರೇಷನ್. ನೆಲಮಾಳಿಗೆಯಲ್ಲಿ ಜಾಗ ಸಿಕ್ಕರೆ ಆ ಪಾಳಿ ಉಂಟು, ಇಲ್ಲದಿದ್ದರೆ ಇಲ್ಲ.

“ಎರಡಿದ್ದದ್ದು ಮೂವತ್ತೊಂದಾ?” ಚಾಲಕರ ಕೋಣೆಯಲ್ಲಿ ರೊಮೆಲ್ ಬಕಾನಿ ಊಟದ ಡಬ್ಬಿ ಮುಚ್ಚುತ್ತಾ ಕೇಳಿದ. ಅವಳ ನಂತರದ ತಿಂಗಳೇ ಕೆಲಸಕ್ಕೆ ಸೇರಿದವನು ಅವನು. “ಒಳಗೆ ಯಾರೋ ಕೈಯಾಡಿಸಿದ್ದಾರೆ ಕಣೇ. ಬಿಡಬೇಡ.”

“ನಮ್ಮ ಬೀದಿಗೆ ಜನವರಿಯಲ್ಲಿ ಬಂದಳಲ್ಲ ಕೋರಿನ್ ಡಿಕ್, ಅವಳ ಮಗಳು ಆಗಲೇ ಕಿತ್ತಳೆ ಅಂಗಿ ಹಾಕ್ಕೊಂಡು ಓಡಾಡ್ತಿದ್ದಾಳೆ. ನಿನ್ನೆ ನೋಡ್ದೆ.”

“ಗಂಡ ಏನು ಮಾಡ್ತಾನೆ?”

“ಆ ಚರ್ಚಿನ ಕಮಿಟೀಲಿದ್ದಾನೆ.”

“ಮುಗೀತಲ್ಲ!” ಎಂದ ರೊಮೆಲ್, ಕೇಸು ತೀರ್ಮಾನವಾದವನಂತೆ.

ಆ ಸಂಜೆಯೇ ಕೋರಿನ್ ಎದುರಾದಳು. ಚಳಿಗಾಲದಲ್ಲಿ ಹಿಮಕ್ಕೆ ಜಾರದಿರಲೆಂದು ರಸ್ತೆಗೆ ಸುರಿದ ಮರಳನ್ನು ತನ್ನ ಮನೆಯ ಮುಂದಿನಿಂದ ಗುಡಿಸುತ್ತಿದ್ದಳು. ಲಾರಿಸ್ಸಾ ನಿಂತು ಹವೆಯ ಮಾತಾಡಿ, ಆಮೇಲೆ ಮೆಲ್ಲಗೆ ವಿಷಯಕ್ಕೆ ಬಂದಳು.

“ನಿಮ್ಮ ಮಗಳಿಗೆ ಬೇಗ ಜಾಗ ಸಿಕ್ಕಿಬಿಡ್ತಲ್ಲ?”

“ಅಯ್ಯೋ, ಅದೃಷ್ಟ ಅನ್ನಿ. ಮಂಗಳವಾರ, ಗುರುವಾರ ಮಾತ್ರ. ಈ ಬೀದಿಗೆ ಬರೋ ಮೊದಲೇ ಹೆಸರು ಕೊಟ್ಟಿದ್ವಿ. ಐದೂ ದಿನ ಬೇಕು ಅಂತ ಪಟ್ಟೀಲಿ ನಮಗಿಂತ ಮೇಲಿದ್ದ ಮೂರು ನಾಲ್ಕು ಜನರೂ ಬೇಡ ಅಂದರಂತೆ. ಪುಣ್ಯಾತ್ಮರು!”

ಲಾರಿಸ್ಸಾ ನಕ್ಕಳು, ನಂಬಲಿಲ್ಲ. ವರ್ಷಗಟ್ಟಲೆ ಕಾದು ಯಾರು ಬೇಡ ಅನ್ನುತ್ತಾರೆ? ಕೋರಿನ್ ಈ ಉತ್ತರವನ್ನು ಮೊದಲೇ ಸಿದ್ಧಮಾಡಿ ಇಟ್ಟುಕೊಂಡಿದ್ದಳು ಅನ್ನಿಸಿತು. ಗುಡಿಸುವುದನ್ನು ಕೂಡ ನಿಲ್ಲಿಸಿರಲಿಲ್ಲ.

ಮನೆಯಲ್ಲಿ ತಾಯಿ ಕುರ್ಚಿಯ ಮೇಲೆ ಕೂತು ಪಿರೋಗಿ ಕಡುಬಿಗೆ ಹಿಟ್ಟು ಲಟ್ಟಿಸುತ್ತಿದ್ದಳು. ಎಲ್ಲವನ್ನೂ ಕೇಳಿ, “ನಿನಗೆ ನಿನ್ನಪ್ಪನ ಬುದ್ಧಿ,” ಎಂದಳು. “ಮನೆ ಕೋಳಿ ಇಟ್ಟ ಮೊಟ್ಟೆ ಮೇಲೂ ಪೆನ್ಸಿಲಲ್ಲಿ ತಾರೀಖು ಬರೀತಿದ್ದ.”

“ಒಂದು ಮೊಟ್ಟೆಯಾದರೂ ಕಳುವಾಯ್ತಾ ಅಮ್ಮಾ?”

“ಇಲ್ಲ. ನೆಂಟರು ಬರೋದು ನಿಂತುಹೋಯ್ತು.”

ಗುರುವಾರ ಬೆಳಿಗ್ಗೆ ಕೆಲಸಕ್ಕೆ ಮೊದಲು ಲಾರಿಸ್ಸಾ ನೆಲಮಾಳಿಗೆಗೆ ಇಳಿದಳು. ಪಟ್ಟಿಯನ್ನು ನೋಡಿಕೊಳ್ಳುವ ಸೋಲಾಂಜ್ ಮಕ್ಕಳ ತಿಂಡಿಗೆ ಸೇಬು ಹೆಚ್ಚುತ್ತಿದ್ದಳು.

“ಇಪ್ಪತ್ನಾಲ್ಕಕ್ಕೆ ಅನುಮತಿ ಇದೆ. ನೀವು ಇಟ್ಟುಕೊಂಡಿರೋದು ಇಪ್ಪತ್ತೆರಡು. ಆ ಎರಡು ಜಾಗ ಯಾರಿಗೆ ಅಂತ ಹೇಳ್ತೀರಾ?”

ಸೋಲಾಂಜ್ ಚಾಕು ಕೆಳಗಿಟ್ಟಳು. “ಅಣ್ಣತಂಗಿ ಇಬ್ಬರು. ವಾಂತಿಭೇದಿ. ಸೋಮವಾರದಿಂದ ಮನೇಲಿದ್ದಾರೆ. ಮತ್ತೇನಾದರೂ ಎಣಿಸಿದ್ದೀರಾ?”

ಲಾರಿಸ್ಸಾಳ ಕಿವಿ ಬಿಸಿಯಾಯಿತು. ಆದರೂ ಬಿಡಲಿಲ್ಲ. “ಎರಡು ಹೇಗೆ ಮೂವತ್ತೊಂದಾಯ್ತು?”

ಸೋಲಾಂಜ್ ಕೈ ಒರೆಸಿಕೊಂಡು ಕಂಪ್ಯೂಟರ್ ತೆರೆದು, ಪರದೆಯನ್ನು ಅವಳತ್ತ ತಿರುಗಿಸಿದಳು. ಮಾರ್ಚ್ ಹನ್ನೆರಡರ ಇಮೇಲ್. ಮಂಗಳವಾರ, ಗುರುವಾರ ಎರಡು ದಿನದ ಜಾಗವಿದೆ, ಬೇಕೇ ಎಂದು ಸೋಲಾಂಜ್ ಕೇಳಿದ್ದಳು. ಅದರ ಕೆಳಗೆ ಲಾರಿಸ್ಸಾಳ ಉತ್ತರ: ‘ಈ ಸಲ ಬೇಡ. ಐದು ದಿನದ್ದು ಬರುವವರೆಗೆ ಕಾಯುತ್ತೇನೆ.’

“ಕಾಯ್ತೀನಿ ಅಂತಲೇ ಬರೆದಿದ್ದೀನಲ್ಲ!”

“ಕಾಯಿರಿ. ಆದರೆ ಇಲ್ಲಿ ಕೊಟ್ಟಿದ್ದನ್ನ ಬೇಡ ಅಂದವರು ಕೊನೆಗೆ ಹೋಗ್ತಾರೆ. ಅರ್ಜಿಯ ಮೊದಲ ಪುಟದಲ್ಲೇ ಇದೆ. ಕೆಳಗೆ ನಿಮ್ಮ ಸಹಿನೂ ಇದೆ.”

ಡಿಪೋದಲ್ಲಿ ಮೆಚ್ಚದ ಪಾಳಿಯನ್ನು ಬಿಟ್ಟುಕೊಡಬಹುದು. ಕೆಳಗಿನವರು ಆರಿಸಿಕೊಳ್ಳುತ್ತಾರೆ, ಮುಂದಿನ ಸಲ ನಿಮ್ಮ ನಂಬರು ಅಲ್ಲೇ ಇರುತ್ತದೆ. ಹನ್ನೊಂದು ವರ್ಷ ಅದೇ ಲೆಕ್ಕದಲ್ಲಿ ಬದುಕಿದವಳಿಗೆ ಲೋಕದ ಎಲ್ಲ ಸಾಲುಗಳೂ ಹಾಗೇ ಅನ್ನಿಸಿತ್ತು. ಕೋರಿನ್ ಹೊಗಳಿದ ಪುಣ್ಯಾತ್ಮರಲ್ಲಿ ತಾನೂ ಒಬ್ಬಳು ಎಂದು ಅವಳಿಗೆ ತಿಳಿದದ್ದು ಆಗ.

“ನನಗಿಂತ ಮೇಲಿರೋ ಮೂವತ್ತು ಜನ ಯಾರು? ಪಟ್ಟಿ ಪ್ರಿಂಟ್ ಕೊಡಿ.”

“ಬೇರೆ ಮಕ್ಕಳ ಹೆಸರು ಕೊಡೋ ಹಾಗಿಲ್ಲ. ನಿಮ್ಮ ಸಾಲು ಮಾತ್ರ ಕೊಡ್ತೀನಿ.”

ಕೊಟ್ಟಳು. ಒಂದೇ ಸಾಲು, ಮೇಲೂ ಕೆಳಗೂ ಬಿಳಿ ಕಾಗದ. ಲಾರಿಸ್ಸಾ ಅದನ್ನು ಮಡಚಿ ಸಮವಸ್ತ್ರದ ಜೇಬಿಗೆ ಹಾಕಿಕೊಂಡಳು. ಬಿಳಿಯ ಭಾಗದಲ್ಲಿ ಏನಿದೆಯೋ ಎಂಬ ಅನುಮಾನ ಅವಳನ್ನು ಪೂರ್ತಿ ಬಿಡಲಿಲ್ಲ.

ಶುಕ್ರವಾರ ಎರಡು ಗಂಟೆ ಐದು ನಿಮಿಷಕ್ಕೆ ಡಿಪೋದಲ್ಲಿ ಅವಳ ಹೆಸರು ಕೂಗಿದರು. ಆರಿಸಲು ಐದು ನಿಮಿಷ. ಪಾಳಿಗಳ ಫಲಕದ ಮೇಲೆ ಏಳೂಕಾಲಿನ ಪಾಳಿ ಇನ್ನೂ ಖಾಲಿ ಇತ್ತು. ಅವಳು ಮೂರು ನಿಮಿಷ ಅದರ ಮುಂದೆಯೇ ನಿಂತಿದ್ದಳು.

“ಲಾರಿಸ್ಸಾ, ಬೇರು ಬಿಡ್ತೀಯಾ ಅಲ್ಲಿ?” ಮೇಜಿನ ಹಿಂದಿದ್ದ ಗುಮಾಸ್ತ ಕೇಳಿದ.

ಅವಳು ಒಂಬತ್ತು ಇಪ್ಪತ್ತರಿಂದ ಎರಡು ಐವತ್ತರವರೆಗಿನ ಚಿಕ್ಕ ಪಾಳಿಯ ಎದುರು ತನ್ನ ನಂಬರು ಬರೆದಳು. ವಾರಕ್ಕೆ ಇಪ್ಪತ್ತೇಳೂವರೆ ಗಂಟೆ. ಹೊಸಬರು ಹಿಡಿಯುವ ಪಾಳಿ ಅದು.

ಮುಂದಿನ ಹೆಸರು ಕೂಗಿದರು. ರೊಮೆಲ್ ಒಳಬಂದ, ಫಲಕದ ಮೇಲೆ ಹುಡುಕಲೇ ಇಲ್ಲ, ನೇರ ಏಳೂಕಾಲಿನ ಪಾಳಿಯ ಎದುರು ತನ್ನ ನಂಬರು ಬರೆದ. “ನೀನು ಬಿಟ್ಟೆಯಲ್ಲ, ಅದಕ್ಕೆ,” ಎಂದ. ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಬಿಡಬೇಡ ಎಂದು ಬುಧವಾರ ಹೇಳಿದವನು, ನೆಲಮಾಳಿಗೆಯಲ್ಲಿ ಏನಾಯಿತು ಎಂದು ಒಮ್ಮೆಯೂ ಕೇಳಿರಲಿಲ್ಲ ಎಂಬುದು ಅವಳಿಗೆ ಈಗ ನೆನಪಾಯಿತು.

ಸೆಪ್ಟೆಂಬರಿನಿಂದ ಲಾರಿಸ್ಸಾ ಮಗಳನ್ನು ಶಾಲೆಗೆ ಬಿಟ್ಟು ಒಂಬತ್ತು ಇಪ್ಪತ್ತಕ್ಕೆ ಬಸ್ ಹತ್ತುತ್ತಾಳೆ. ಪ್ರತಿ ತಿಂಗಳ ಒಂದನೇ ತಾರೀಖು ಇಮೇಲ್ ಹೋಗುತ್ತದೆ. ಡಾರ್ಸಿಯ ಹೆಸರು ಈಗ ಇಪ್ಪತ್ತೇಳನೆಯದು.