ಇವತ್ತು ಅನ್ನಬಾರದ ಪಾಠ

ತರಬೇತಿಯಲ್ಲಿ ಮೊದಲು ಹೇಳಿಕೊಟ್ಟದ್ದು ಇದು: ಕ್ಯಾಮೆರಾ ಮುಂದೆ ‘ಇವತ್ತು’ ಅನ್ನಬಾರದು. ‘ಹೊರಗೆ ಚಳಿ ಜೋರು’ ಅನ್ನಬಾರದು. ವಿದ್ಯಾರ್ಥಿಗಳನ್ನು ಹೆಸರು ಹಿಡಿದು ಕರೆಯಬಾರದು. ದಪ್ಪ ಸ್ವೆಟರ್ ತೊಡಬಾರದು. ಯಾವ ಕಾಲದಲ್ಲಿ ಮಾಡಿದ ಪಾಠ ಎಂದು ನೋಡಿದವರಿಗೆ ಗೊತ್ತಾಗಕೂಡದು.

ಪ್ಯೋ ಓಕ್‌ಬುನ್ ತಲೆಯಾಡಿಸಿದಳು. ಪಕ್ಕದಲ್ಲಿದ್ದ ನಾಮ್ ಗಿಥೇ ಅವಳ ಕಡೆ ಬಾಗಿದ.

“ಅಕ್ಕ, ಇದು ಪಾಠ ಹಿಡಿಯೋ ಥರ ಇಲ್ಲ. ಮುದುಕ್ರು ತಮ್ಮ ಹೆಣದ ಮುಂದೆ ಇಡೋಕೆ ಬದುಕಿರುವಾಗ್ಲೇ ಫೋಟೋ ತೆಗೆಸ್ಕೋತಾರಲ್ಲ, ಹಂಗಿದೆ.”

“ಮುಚ್ಕೊಂಡು ಕೂತ್ಕೊಳ್ಳೋ. ಬಾಯಿ ಬಿಟ್ರೆ ಅಪಶಕುನ.”

ಇಬ್ಬರೂ ಕೊರಿಯಾದ ಜೊಲ್ಲಾ ಸೀಮೆಯ ಒಂದು ಸಣ್ಣ ಕಾಲೇಜಿನ ಅತಿಥಿ ಉಪನ್ಯಾಸಕರು. ಹಾಸಿಗೆ ಹಿಡಿದ ಮುದುಕರನ್ನು ಎತ್ತುವುದು, ಮೀಯಿಸುವುದು, ಗಂಜಿ ಕುಡಿಸುವುದು ಓಕ್‌ಬುನ್ ಹೇಳಿಕೊಡುತ್ತಿದ್ದ ವಿದ್ಯೆ. ಐವತ್ತು ದಾಟಿದ್ದಳು. ಎರಡು ಮೂರು ಕಾಲೇಜುಗಳ ನಡುವೆ ಕಾರು ಓಡಿಸುತ್ತ, ಸಿಗ್ನಲ್ಲಿನಲ್ಲಿ ಕಿಂಬಾಪ್ ಅನ್ನದ ಸುರುಳಿ ನುಂಗುತ್ತ ಕೂದಲು ನರೆತಿತ್ತು. ಪ್ರತಿ ಸೆಮಿಸ್ಟರ್‌ಗೂ ಮುಂಚೆ ಫೋನಿಗೆ ಒಂದು ಮೆಸೇಜ್ ಬಂದರೆ ಕೆಲಸ ಇದೆ ಎಂದರ್ಥ. ಬಾರದಿದ್ದರೆ ತಾವೇ ಅರ್ಥ ಮಾಡಿಕೊಳ್ಳಬೇಕು. ನಿನ್ನನ್ನು ತೆಗೆದಿದ್ದೇವೆ ಎಂದು ಬಾಯಿಬಿಟ್ಟು ಹೇಳುವ ಸೌಜನ್ಯವೂ ಅಲ್ಲಿಲ್ಲ.

ಆ ಸೀಮೆಯಲ್ಲಿ ಮಕ್ಕಳು ಹುಟ್ಟುವುದು ನಿಂತು, ಕಾಲೇಜಿನ ಬೆಂಚುಗಳು ಖಾಲಿ ಹೊಡೆಯುತ್ತಿದ್ದವು. ಆಗ ಆಡಳಿತದವರ ಕಣ್ಣು ದೊಡ್ಡವರ ಮೇಲೆ ಬಿತ್ತು: ಮೀನು ಮಾರುವ ಹೆಂಗಸರು, ವಿಯೆಟ್ನಾಮಿನಿಂದ ಮದುವೆಯಾಗಿ ಬಂದವರು, ನಿವೃತ್ತ ಡ್ರೈವರುಗಳು. ಅವರಿಗೆ ಹದಿನೈದು ವಾರ ಕೂರುವ ಪುರಸೊತ್ತಿಲ್ಲ. ಅದಕ್ಕೆ ಕೋರ್ಸನ್ನೇ ಐದು ವಾರಕ್ಕೆ ಹಿಂಡಿದರು. ಪಾಠ ಫೋನಿನಲ್ಲಿ ನೋಡಿಕೊಂಡು ಬರುವುದು, ತರಗತಿಯಲ್ಲಿ ಕೈಯಾರೆ ಮಾಡುವುದು. ಈ ಹೊಸ ಕ್ರಮಕ್ಕೆ ಮೇಷ್ಟರುಗಳನ್ನು ಪಳಗಿಸಲು ರಾಜಧಾನಿಯಿಂದ ತರಬೇತುದಾರಳೊಬ್ಬಳು ಬಂದಿದ್ದಳು.

ಕ್ರಮ ಕೆಟ್ಟದ್ದೇನಲ್ಲ. ತರಬೇತಿಯ ಜೊತೆಗೇ ಒಂದು ತಂಡಕ್ಕೆ ಪಾಠವೂ ನಡೆದಿತ್ತು. ಮೀನು ಹೆಚ್ಚುತ್ತಲೇ ಪಾಠ ನೋಡಿಕೊಂಡು ಬಂದ ಹೆಂಗಸರು ತರಗತಿಯಲ್ಲಿ ಎಂಥ ಪ್ರಶ್ನೆ ಕೇಳುತ್ತಿದ್ದರೆಂದರೆ, ಓಕ್‌ಬುನ್‌ಗೆ ಮನೆಗೆ ಹೋಗಿ ಮತ್ತೆ ಓದಬೇಕಾಗುತ್ತಿತ್ತು. ಅವಳು ಬೇಗ ಕಲಿತಳು. ಪಾಠವನ್ನು ತುಂಡು ತುಂಡು ಮಾಡಿ, ನಡುನಡುವೆ ಪ್ರಶ್ನೆ ತುರುಕಿ, ಬೊಂಬೆಯನ್ನು ಮಲಗಿಸಿ ಎತ್ತಿ ತೋರಿಸಿದಳು. ಉಳಿದವರಿಗೆ ಅವಳದ್ದೇ ಮಾದರಿ ಎಂದಾಯಿತು. ಹೆಮ್ಮೆ ಅವಳ ತಲೆಗೂ ಏರಿತು.

ಒಂದು ನಿಯಮ ಮಾತ್ರ ಅವಳಿಗೆ ಹಿಡಿಸಲಿಲ್ಲ. ಮಾಡಿ ತೋರಿಸಿದ ಮೇಲೆ ನೋಡುವವರು ಮಾಡುವಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ನಕ್ಕು ‘ಭೇಷ್, ಸರಿಯಾಗಿ ಮಾಡಿದಿರಿ’ ಅನ್ನಬೇಕಂತೆ.

“ಅವ್ರು ತಪ್ಪು ಮಾಡಿದ್ರೆ?” ಎಂದು ಕೇಳಿದಳು.

“ತರಗತೀಲಿ ನೋಡೋಕೆ ನೀವೇ ಪಕ್ಕದಲ್ಲಿರ್ತೀರಲ್ಲ ಮೇಡಂ,” ಅಂದಳು ತರಬೇತುದಾರಳು.

ಕೊನೆಯ ದಿನ ವಿಭಾಗದ ಮುಖ್ಯಸ್ಥ ಯಾಂಗ್ ಎದ್ದುನಿಂತ. ಓದುವ ಕಾಲದಲ್ಲಿ ಓಕ್‌ಬುನ್‌ಗೆ ಸೀನಿಯರ್. ಮೊದಲ ತರಗತಿ ಕೊಡಿಸಿದವನೂ ಅವನೇ. ಆ ಋಣ ಅವಳ ಕುತ್ತಿಗೆ ಬಗ್ಗಿಸಿ ಇಟ್ಟಿತ್ತು. ಎಲ್ಲರಿಗೂ ಧನ್ಯವಾದ ಹೇಳಿ, ಹೊರಡುವ ಅವಸರದಲ್ಲಿ ನೆನಪಾದವನಂತೆ ಅಂದ: “ಈ ಪಾಠಗಳೆಲ್ಲ ಕಾಲೇಜಿನ ಸ್ವತ್ತಾಗಿರುತ್ತವೆ. ಬೇಕಾದಾಗ ಬಳಸಿಕೊಳ್ಳೋಣ. ಆಕ್ಷೇಪ ಇಲ್ಲದಿದ್ರೆ ಚಪ್ಪಾಳೆಯಲ್ಲಿ ಪಾಸ್ ಮಾಡಿ, ಊಟಕ್ಕೆ ಹೋಗೋಣ.”

ಆ ಕಡೆಯ ಸಭೆಗಳೆಲ್ಲ ಹಾಗೇ ಮುಗಿಯುವುದು. ಕೈಯೆತ್ತಿಸಿ ಎಣಿಸುವವರಿಲ್ಲ, ಚಪ್ಪಾಳೆ ಬಿದ್ದರೆ ನಿರ್ಣಯ ಆಯಿತು.

ಗಿಥೇ ಅರ್ಧ ಎದ್ದಿದ್ದ. ಓಕ್‌ಬುನ್ ಅವನ ಕೋಟಿನ ಅಂಚು ಹಿಡಿದು ಜಗ್ಗಿದಳು.

“ಕೂತ್ಕೋ.”

“ಅಕ್ಕ, ಬೇಕಾದಾಗ ಅಂದ್ರೆ ಯಾವಾಗ ಅಂತ ಕೇಳ್ತೀನಿ, ಅಷ್ಟೇ.”

“ಹೊರಗಿನವಳ ಮುಂದೆ ಅವ್ರ ಮುಖಕ್ಕೆ ಮಸಿ ಬಳೀತೀಯಾ? ಆಮೇಲೆ ನಾನು ಕೇಳ್ತೀನಿ. ತಟ್ಟು.”

ಅವನು ಕೂತ. ಮೊದಲು ತಟ್ಟಿದವಳು ಓಕ್‌ಬುನ್. ಹಂದಿಮಾಂಸದ ಸಾರಿನಂಗಡಿಯಲ್ಲಿ ಯಾಂಗ್ ಅವಳ ಲೋಟಕ್ಕೆ ಸೋಜು ಸಾರಾಯಿ ಸುರಿದ. ಹಿರಿಯನೆದುರು ಕುಡಿಯುವಾಗ ಮಾಡುವಂತೆ ಮುಖ ಪಕ್ಕಕ್ಕೆ ತಿರುಗಿಸಿ ಕುಡಿದಳು. ಕೇಳುತ್ತೇನೆಂದದ್ದನ್ನು ಕೇಳದೆ ಲೋಟವನ್ನು ಮತ್ತೆ ಮುಂದೆ ಹಿಡಿದಳು.

ಚಳಿಗಾಲ ಕಳೆಯಿತು. ಮೆಸೇಜ್ ಬರಲಿಲ್ಲ. ಗಿಥೇಗೂ ಬರಲಿಲ್ಲ, ಅವನು ಪಾರ್ಸೆಲ್ ಹಂಚುವ ಕೆಲಸಕ್ಕೆ ಸೇರಿಕೊಂಡ. ಯಾಂಗ್ ಫೋನ್ ಎತ್ತಲಿಲ್ಲ.

ತರಗತಿಗಳು ಶುರುವಾದ ಮೇಲೆ ಓಕ್‌ಬುನ್ ತನ್ನ ಒಳಚಪ್ಪಲಿ, ಕೂರುವ ದಿಂಬು ತರಲೆಂದು ಕಾಲೇಜಿಗೆ ಹೋದಳು. ಮೆಟ್ಟಿಲು ಹತ್ತುವಾಗಲೇ ಅವಳದ್ದೇ ದನಿ ಕೇಳಿಸಿತು.

ಕೋಣೆಯಲ್ಲಿ ಮೇಷ್ಟರಿರಲಿಲ್ಲ. ಗೋಡೆಯ ತುಂಬ ಪರದೆ. ಪರದೆಯ ತುಂಬ ಅವಳು. ಕೆಳಗೆ ಹೊಸ ತಂಡದ ಹೆಂಗಸರು ಜೋಡಿ ಜೋಡಿಯಾಗಿ ಒಬ್ಬರನ್ನೊಬ್ಬರು ಮಂಚದಿಂದ ಎತ್ತುತ್ತಿದ್ದರು. ಬಾಗಿಲ ಬಳಿಯ ಗಟ್ಟಿ ಹೆಂಗಸೊಬ್ಬಳು, ಪಾರ್ಶ್ವವಾಯು ಹೊಡೆದವಳಂತೆ ಮಲಗಿದ್ದ ಗೆಳತಿಯ ಸೋತ ತೋಳು ಹಿಡಿದೇ ಎಳೆಯುತ್ತಿದ್ದಳು.

ಪರದೆಯ ಓಕ್‌ಬುನ್ ನಕ್ಕಳು. “ಭೇಷ್, ಸರಿಯಾಗಿ ಮಾಡಿದಿರಿ.”

ನಿಜದವಳು ಒಳಗೆ ನುಗ್ಗಿ ಆ ಕೈ ಹಿಡಿದಳು. “ಬಿಡಿ, ತೋಳು ಎಳೀಬೇಡಿ. ಲಕ್ವಾ ಹೊಡೆದೋರ ಭುಜ ಕಳಚಿ ಬರುತ್ತೆ. ಸೊಂಟಕ್ಕೆ ಕೈ ಹಾಕಿ.”

“ಅಯ್ಯೋ, ಇವ್ರೇ ಕಣ್ರೇ ಅವ್ರು. ಅದ್ರಲ್ಲಿ ತೆಳ್ಳಗೆ ಕಾಣ್ತೀರಿ ಮೇಡಂ.” ಗಟ್ಟಿ ಹೆಂಗಸು ನಕ್ಕಳು. “ನೀವೇ ಈಗ ಭೇಷ್ ಅಂದ್ರಲ್ಲ.”

“ನಾನಲ್ಲ. ಅದು ಎಲ್ಲರಿಗೂ ಅನ್ನುತ್ತೆ.”

“ಮುಂದಿನ ವಾರ ಆಸ್ಪತ್ರೆಗೆ ಕಳಿಸ್ತಾರೆ ನಮ್ನ, ಮುದುಕ್ರನ್ನ ಎತ್ತೋಕೆ.”

ಓಕ್‌ಬುನ್ ಪಾಠ ಓಡಿಸುತ್ತಿದ್ದ ಯಂತ್ರದ ಕಡೆ ಕೈ ಚಾಚಿದಳು. ನಾಲ್ಕಾರು ದನಿ ಒಟ್ಟಿಗೆ ಬಂದವು: “ಮುಟ್ಬೇಡಿ ಮೇಡಂ, ಅದು ನಿಂತ್ರೆ ನಮ್ಮ ಹಾಜರಿ ಹೋಗುತ್ತೆ.”

ಪರದೆ ಪಾಠದ ಮುಂದಿನ ತುಂಡಿಗೆ ಹೋಗಿತ್ತು. ಹೆಂಗಸರು ಅದರ ಕಡೆ ತಿರುಗಿದರು. ಗಟ್ಟಿ ಹೆಂಗಸಿನ ಕೈ ಮತ್ತೆ ಅದೇ ತೋಳಿಗೆ ಹೋಯಿತು.

ಓಕ್‌ಬುನ್ ಹೊರಗೆ ಬಂದು ಗಿಥೇಗೆ ಫೋನ್ ಮಾಡಿದಳು.

“ನೀನು ಅವತ್ತು ಕೇಳೋಕೆ ಎದ್ದಿದ್ಯಲ್ಲ, ಅದನ್ನ ಈಗ ಯಾರ ಹತ್ರ ಕೇಳೋದು?”

ಅತ್ತ ವ್ಯಾನಿನ ಬಾಗಿಲು ಬಡಿದ ಸದ್ದು. “ಪಾಸಾಗಿ ಹೋಯ್ತಲ್ಲಕ್ಕ,” ಅಂದ. “ಇಡ್ತೀನಿ. ಇನ್ನೂ ಬೇಕಾದಷ್ಟು ಮನೆ ಇವೆ.”

ಒಳಗೆ ಪಾಠ ಮುಗಿದಿತ್ತು. ಹೆಂಗಸರು ಪರದೆಗೆ ಬಗ್ಗಿ ವಂದಿಸಿ ಚಪ್ಪಾಳೆ ತಟ್ಟುತ್ತಿದ್ದರು.