ಪತ್ತಾರ ಕಾಕಾ ಕೊಟ್ಟ ಅರ್ಜಿ

ಮೊನ್ನೆ ವಿದ್ಯಾನಗರದ ಅಂಗಡಿಯೊಂದರಲ್ಲಿ ನನ್ನ ತುಂಡಾದ ಸರಕ್ಕೆ ಬೆಸುಗೆ ಹಾಕುತ್ತಿದ್ದರು. ಕಾದ ಬಿಳಿಗಾರದ ವಾಸನೆ ಬಂದದ್ದೇ ತಡ, ಹಳೇ ಹುಬ್ಬಳ್ಳಿಯ ನಮ್ಮ ಓಣಿಯ ಪತ್ತಾರ ಕಾಕಾ ನೆನಪಾದರು. ಎಷ್ಟು ಕಂಡದ್ದು, ಎಷ್ಟು ಆಮೇಲೆ ನಾನೇ ಸೇರಿಸಿಕೊಂಡದ್ದು ಎಂದು ಆಣೆ ಮಾಡಿ ಹೇಳಲಾರೆ. ಸಿಟ್ಟು ಮಾತ್ರ ಅಂದಿನದೇ.

ಅವರು ನಮ್ಮ ಪಕ್ಕದ ಮನೆಯ ಅಕ್ಕಸಾಲಿಗರು, ನಮ್ಮ ಕಡೆಯ ಮಾತಿನಲ್ಲಿ ಪತ್ತಾರರು. ಓಣಿಯ ಪ್ರತಿ ಮದುವೆಯ ತಾಳಿಯೂ ಅವರ ಕೈಯದೇ. ಚೀನಾ ಯುದ್ಧದಲ್ಲಿ ಅವರ ಹೆಂಡತಿ ಕಿವಿಯ ಬುಗುಡಿ ಬಿಚ್ಚಿ ರಕ್ಷಣಾ ನಿಧಿಗೆ ಕೊಟ್ಟಿದ್ದರು. ಯುದ್ಧ ನಿಂತ ಮೇಲೆ ಗಿರಣಿಗಳಿಗೆ ಬಿಡಿಭಾಗ ತರಿಸಲೂ ದೇಶದಲ್ಲಿ ವಿದೇಶಿ ವಿನಿಮಯವಿರಲಿಲ್ಲ. ಚಿನ್ನದ ಕಳ್ಳಸಾಗಣೆ ನಿಲ್ಲಬೇಕು, ಜನರ ಚಿನ್ನದ ಹುಚ್ಚು ಇಳಿಯಬೇಕು ಎಂದು ಸರ್ಕಾರ ನಿಯಮ ತಂದಿತು: ಹದಿನಾಲ್ಕು ಕ್ಯಾರೆಟ್ಟಿಗಿಂತ ಶುದ್ಧವಾದ ಒಡವೆ ಮಾಡುವಂತಿಲ್ಲ.

ಕಾಕಾ ತಾಮ್ರ ಹೆಚ್ಚು ಬೆರೆತ ಆ ಚಿನ್ನದಲ್ಲೂ ಒಂದು ತಾಳಿ ಮಾಡಿದರು. ಬಡಿದಲ್ಲೆಲ್ಲ ಸೀಳಿತು, ಮತ್ತೆ ಮತ್ತೆ ಕಾಸಿ ಮುಗಿಸಿದರು. ಮದುವೆಯವರು ತಾಮ್ರದ ತಾಳಿ ಎಂದು ಹಂಗಿಸಿ ಅಲ್ಲೇ ಬಿಟ್ಟು ಹೋದರು. ಆಮೇಲೆ ಯಾರೂ ಬರಲಿಲ್ಲ.

ನಾನಾಗ ಧಾರವಾಡದಲ್ಲಿ ಅರ್ಥಶಾಸ್ತ್ರದ ಎಂ.ಎ. ವಿದ್ಯಾರ್ಥಿನಿ. ಚಿನ್ನ ಸತ್ತ ಸಂಪತ್ತು, ಯಂತ್ರವಾದರೆ ಮಾತ್ರ ದುಡಿಯುತ್ತದೆ ಎಂದು ಅವರ ಕಟ್ಟೆಯ ಮೇಲೆ ಕೂತೇ ಪಾಠ ಹೇಳಿದೆ. ತಾಳ್ಮೆಯಿಂದ ಕೇಳಿದರು.

"ಖರೇ ಐತಿ ತಂಗಿ, ಬಂಗಾರ ಸತ್ತದ್ದು. ಆದ್ರ ನಾ ಇನ್ನೂ ಜೀವಂತ ಅದೀನಲ್ಲ?"



ಕಸಬು ಹೋದವರಿಗೆ ಬೇರೆ ಕೆಲಸ ಕೊಡುವುದಾಗಿ ಸರ್ಕಾರ ಹೇಳಿತ್ತು. ಅರ್ಜಿ ಇಂಗ್ಲಿಷಿನಲ್ಲಿದ್ದುದರಿಂದ ತುಂಬಲು ಕಾಕಾ ನನ್ನನ್ನು ಕಚೇರಿಗೆ ಕರೆದೊಯ್ದರು. ಕೌಶಲ್ಯದ ಕಾಲಮ್ಮಿನಲ್ಲಿ ಚಿನ್ನದ ಕೆಲಸ ಎಂದು ಬರೆಯಲು ಹೊರಟೆ. ಕಾರಕೂನ ತಡೆದ.

"ಅದನ್ನ ಬರೀಬ್ಯಾಡ್ರಿ ಬಾಯಾರ. ಅದು ಬಂದ್ ಆಗೇತಿ ಅಂತನ ಅರ್ಜಿ ಕೊಡಾಕ ಬಂದೀರಿ. ಬ್ಯಾರೆ ಏನರ ಬರತೈತೇನು ಇವರಿಗೆ?"

ಜಗಳ ಮಾಡಬೇಕಿತ್ತು. ಮಾಡಲಿಲ್ಲ. 'ಇಲ್ಲ' ಎಂದು ಬರೆದೆ. ಏನು ಬರೆದೆ ಎಂದು ಕಾಕಾ ಕೇಳಿದರು. ಎಲ್ಲಾ ಬರೆದೆ ಎಂದೆ. ಪಾತ್ರೆಗಳ ಮೇಲೆ ಹೆಸರು ಕೆತ್ತುತ್ತಿದ್ದ ಕೈ... ಆ 'ಇಲ್ಲ'ದ ಕೆಳಗೆ ಸಣ್ಣ, ದುಂಡನೆಯ ಅಕ್ಷರಗಳಲ್ಲಿ ಸಹಿ ಮಾಡಿತು. ನನ್ನ ಅಂದಿನ ದಿನಚರಿಯಲ್ಲಿ 'ಕಾಕಾನ ಅರ್ಜಿ ಕೊಟ್ಟೆವು' ಎಂದಷ್ಟೇ ಇದೆ.

ಕೌಶಲ್ಯವಿಲ್ಲದವರಿಗೆ ಸಿಗುವ ಕೆಲಸವೇ ಸಿಕ್ಕಿತು: ಗೋದಾಮಿನಲ್ಲಿ ಹತ್ತಿಯ ಅಂಡಿಗೆ ಹೊರುವುದು. ಕೆಲವು ವರ್ಷ ಕಳೆದು ಸರ್ಕಾರ ಆ ನಿಯಮವನ್ನೇ ಕೈಬಿಟ್ಟಿತು. ಪತ್ರಿಕೆ ಹಿಡಿದು ಓಡಿದೆ. ಕಾಕಾ ಉಪಕರಣದ ಪೆಟ್ಟಿಗೆ ತೆಗೆದು ಚಿಮಟ ಹಿಡಿಯಲು ನೋಡಿದರು, ಮೂಟೆ ಹೊತ್ತು ಬಿರುಸಾದ ಬೆರಳು ಕೂಡಲಿಲ್ಲ.

"ಕೈನೂ ಹದಿನಾಲ್ಕು ಕ್ಯಾರೆಟ್ ಆಗ್ಯಾವ ತಂಗಿ," ಎಂದು ನಕ್ಕರು.

ಕಳ್ಳಸಾಗಣೆ ಮಾಡಿದ ಯಾರಿಗೂ ಅಂಥ ಅರ್ಜಿ ತುಂಬಬೇಕಾಗಿ ಬರಲಿಲ್ಲ. ನಾನು ಮಾತ್ರ ಮುಂದೆ ಕಾಲೇಜಿನಲ್ಲಿ ವರ್ಷಗಟ್ಟಲೆ, ದೇಶ ಕಟ್ಟುವಾಗ ತಾತ್ಕಾಲಿಕ ಕಷ್ಟ ಸಹಜ ಎಂದು ಪಾಠ ಹೇಳಿದೆ. ಒಂದು ಸಲವೂ ನಾಲಿಗೆ ತಡವರಿಸಲಿಲ್ಲ. ಕಾಕಾ ತೀರಿಹೋಗಿ ಎಷ್ಟೋ ವರ್ಷವಾಯಿತು. ಓಣಿಗೆಲ್ಲ ಅವರು ಪತ್ತಾರ ಕಾಕಾನೇ. ಅರ್ಜಿಯ ಮೊದಲ ಸಾಲಿನಲ್ಲಿ ಅವರ ಪೂರ್ತಿ ಹೆಸರನ್ನು ನಾನೇ ಬರೆದಿದ್ದೆ. ಈಗ ಎಷ್ಟು ತಡಕಿದರೂ ಅದು ನೆನಪಾಗುತ್ತಿಲ್ಲ.